ಹಗೇವಿನ ಓಣಿಯಲ್ಲಿ ಗಾಲಿಪೆಟ್ಟಿಗೆ

ಸೇಡು ಒಳ್ಳೆಯದಲ್ಲ ಎಂದು ಹೇಳುವವರು ಹೇಳಲಿ. ಅವರ ಅವ್ವನ ಮೆಣಸಿನಕಾಯಿಯನ್ನು ಯಾರೂ ಚಪ್ಪಲಿ ಕಾಲಲ್ಲಿ ಒದ್ದಿಲ್ಲ. ನಮ್ಮವ್ವನದನ್ನು ಒದ್ದಿದ್ದರು. ಇಷ್ಟು ವರ್ಷವಾದರೂ ಆ ಚಪ್ಪಲಿಯ ಬಣ್ಣ, ಅದರ ಉಂಗುಟ, ನಡೆದರೆ ಅದು ಮಾಡುತ್ತಿದ್ದ ಕಿರ್‌ಕಿರ್ ಸಪ್ಪಳ ಎಲ್ಲವೂ ನನಗೆ ನೆನಪಿದೆ. ನೆನಪಾದಾಗಲೆಲ್ಲ ಈಗಲೂ ಹಲ್ಲು ಕಡಿಯುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಹಾವೇರಿಯಲ್ಲಿ ಹಳೆಯ ಕಲ್ಲುಗುಡಿಯೊಂದರ ಬೆನ್ನಿಗಿದ್ದ ಓಣಿ ನಮ್ಮದು. ಅಪ್ಪ ರಾಣೆಬೆನ್ನೂರಿನ ಅರಳೆ ಅಂಗಡಿಯೊಂದರಲ್ಲಿ ಗುಮಾಸ್ತ; ಮುಂಜಾನೆಯ ಬಸ್ಸಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ನಾನು ಡಿಗ್ರಿ ಮುಗಿಸಿ, ನೌಕರಿ ಸಿಗದೆ ಮನೆಯಲ್ಲಿ ಕುಳಿತು ಜಂಪರ್ ಹೊಲಿಯುತ್ತಿದ್ದೆ. ಮನೆ ನಿಜವಾಗಿ ನಡೆಯುತ್ತಿದ್ದದ್ದು ಅವ್ವನ ಮಸಾಲೆ ಖಾರದ ಮೇಲೆ. ಬೇಸಿಗೆ ಬಂದರೆ ಅವಳೇ ಬ್ಯಾಡಗಿ ಮಾರುಕಟ್ಟೆಗೆ ಹೋಗಿ, ಕಾಯಿಯನ್ನು ಅಂಗೈಯಲ್ಲಿ ಮುರಿದು, ಮೂಸಿ, ನಾಕು ಅಂಗಡಿಯವರ ಜೊತೆ ಜಗಳಾಡಿ ಮೆಣಸಿನಕಾಯಿ ತರುತ್ತಿದ್ದಳು. ತೊಟ್ಟು ತೆಗೆದು, ಗರಿಗರಿ ಒಣಗಿಸಿ, ಮಸಾಲೆ ಹುರಿದು ಕುಟ್ಟಿಸಿದರೆ, ಆ ಖಾರಕ್ಕೆ ಗುತ್ತಲದಿಂದಲೂ ಜನ ಡಬ್ಬಿ ಹಿಡಿದು ಬರುತ್ತಿದ್ದರು.

ಒಣಗಿಸುವುದಕ್ಕೆ ಜಾಗ ಓಣಿಯೊಂದೇ. ನಮ್ಮ ಮನೆ ಇಳಿಜಾರು ಹಂಚಿನದು, ಹಿತ್ತಿಲ ಮೇಲೆ ಪಕ್ಕದ ಮನೆಯ ಗೋಡೆಯ ನೆರಳು. ಓಣಿಯ ಹಾಸುಗಲ್ಲಿನ ಮೇಲೆ ಮಾತ್ರ ಬಿಸಿಲು ಬೀಳುತ್ತಿತ್ತು. ಅಲ್ಲಿ ತಾಡಪತ್ರಿ ಹಾಸಿ ಅವ್ವ ಕೆಂಪಗೆ ಹರವುತ್ತಿದ್ದಳು. ಹಾದುಹೋಗುವವರು ಅಂಚು ಹಿಡಿದು ನಡೆಯುತ್ತಿದ್ದರು, ಅದೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು. ತಿನ್ನುವ ಪದಾರ್ಥ ಹರವಿದ ಕಡೆ ಮೆಟ್ಟು ಹಾಕಿಕೊಂಡು ಹಾಯಬಾರದು. ಇದನ್ನು ಓಣಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮ ಎದುರಿಗೆ ಒಬ್ಬ ಸಾಹುಕಾರನ ಮನೆ. ನಾನು ಅವನನ್ನು ಕಾಕಾ ಎಂದೇ ಕರೆದು ಬೆಳೆದವಳು, ಅವ್ವನಿಗೆ ಅವನು ಅಣ್ಣಾರು. ಮಾತನಾಡಿಸುವಾಗ ಬಹುವಚನ ಹಚ್ಚುತ್ತಿದ್ದೆ, ಇಲ್ಲಿ ಹಚ್ಚುವುದಿಲ್ಲ. ಅಜ್ಜನ ಕಾಲದ ದೊಡ್ಡ ಮನೆ, ಖಾಲಿ ಬಿದ್ದ ಕೋಣೆಗಳು. ಗುಡಿ ನೋಡಲು, ರಾಣೆಬೆನ್ನೂರಿನ ಕಡೆ ಕೃಷ್ಣಮೃಗ ನೋಡಲು ದೂರದೂರಿನವರು ಬರುತ್ತಿದ್ದರಲ್ಲ, ಅವರಿಗೆ ಆ ಕೋಣೆಗಳನ್ನು ಬಾಡಿಗೆಗೆ ಕೊಡಲು ಶುರು ಮಾಡಿದ. ಆ ಮಂದಿಯ ಜೊತೆ ಓಣಿಗೆ ಬಂತು ಗಾಲಿಪೆಟ್ಟಿಗೆ. ಅಡಿಯಲ್ಲಿ ಸಣ್ಣ ಗಾಲಿ, ಮೂಲೆಯಲ್ಲಿ ಒಂದು ಪಟ್ಟಿ. ಎಮ್ಮೆಯನ್ನು ಹಗ್ಗ ಹಿಡಿದು ಎಳೆದಹಾಗೆ ಎಳೆದುಕೊಂಡು ಹೋಗುವುದು. ಹಾಸುಗಲ್ಲಿನ ಮೇಲೆ ಅದರ ಗಡಗಡಕ್ಕೆ ತೊಟ್ಟಿಲ ಕೂಸುಗಳು ಬೆಚ್ಚಿ ಏಳುತ್ತಿದ್ದವು.

ಒಂದು ಮಧ್ಯಾಹ್ನ ಕರಿಕನ್ನಡಕದ ಒಬ್ಬ ಗೃಹಸ್ಥ ಆ ಪೆಟ್ಟಿಗೆಯನ್ನು ಸೀದಾ ಅವ್ವನ ಮೆಣಸಿನಕಾಯಿಯ ಮೇಲೆ ಹಾಯಿಸಿಬಿಟ್ಟ. ಚರಚರ ಎಂದು ಕಾಯಿ ಒಡೆದು ಬೀಜ ಚೆಲ್ಲಿದವು, ಘಾಟು ಎದ್ದಿತು. ಪಾಪ, ಅವನಿಗೆ ಗೊತ್ತಿರಲಿಲ್ಲ. ಸೀನುತ್ತಲೇ ಬಗ್ಗಿ ಆರಿಸಲು ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಅಷ್ಟರಲ್ಲಿ ಸಾಹುಕಾರ ಹೊರಗೆ ಬಂದ. ಅವ್ವ ಮೆಲ್ಲಗೇ ಹೇಳಿದಳು, "ಅಣ್ಣಾರ, ಬಂದವರಿಗೆ ಜರಾ ನೋಡ್ಕೊಂಡು ಬರಾಕ ಹೇಳ್ರಿ. ತಿನ್ನೋ ಪದಾರ್ಥ ಐತಿ."

"ಇದೇನು ನಿಮ್ಮಪ್ಪನ ಕಣಾ ಏನು?" ಎಂದ ಅವನು. ತಂಗೆವ್ವಾ ಎನ್ನುತ್ತಿದ್ದ ಬಾಯಿ ಅದು! "ಎತ್ತ ಇದನ್ನ! ದೊಡ್ಡ ಮಂದಿ ಮುಂದ ನನ್ನ ಮಾನ ಕಳೀಬ್ಯಾಡ." ಹಾಗೆಂದು, ಆ ಕಿರ್‌ಕಿರ್ ಚಪ್ಪಲಿಯ ಕಾಲಿನಿಂದ ಮೆಣಸಿನಕಾಯಿಯನ್ನು ಬದಿಗೆ ಒದ್ದು, ಅತಿಥಿಗೆ ದಾರಿ ಮಾಡಿಕೊಟ್ಟ.

ಅವ್ವ ಕೆಳಗೆ ಕುಳಿತಳು. ಚಪ್ಪಲಿ ಸೋಕಿದ ಕಾಯಿಯನ್ನೆಲ್ಲ ಬೇರೆ ಮಾಡಿ ಸೆರಗಿನಲ್ಲಿ ತುಂಬಿಕೊಂಡು ಹೋಗಿ ತಿಪ್ಪೆಗೆ ಸುರಿದು ಬಂದಳು. ಆಮೇಲೆ ಕೈ ತೊಳೆದುಕೊಂಡು ರೊಟ್ಟಿ ಬಡಿಯಲು ಕುಳಿತಳು. ಅವತ್ತು ರೊಟ್ಟಿ ಬಡಿದ ಸಪ್ಪಳ ಓಣಿಯ ತುದಿಗೂ ಕೇಳಿರಬೇಕು.

ಅಲ್ಲಿಗೇ ಬಿಟ್ಟನೇ ಅವನು? ಇಲ್ಲ. ನಮ್ಮ ಓಣಿಯಲ್ಲಿ ಅಮಾವಾಸ್ಯೆಯ ಸಂಜೆ ಬೇವಿನಗಿಡದ ಕಟ್ಟೆಯ ಮೇಲೆ ಹಿರಿಯರು ಕೂಡಿ ಓಣಿಯ ಬೇಕು ಬೇಡ ಮಾತಾಡುವ ರಿವಾಜಿತ್ತು. ಎಲ್ಲರಿಗೂ ಹಿರಿಯನಾದ ಒಬ್ಬ ಮುತ್ಯಾನ ಮಾತೇ ಕೊನೆಯ ಮಾತು. ಸಾಹುಕಾರ ಅಲ್ಲಿ ಎದ್ದು ನಿಂತು, ಘಾಟಿಗೆ ಅತಿಥಿಗಳು ಕೆಮ್ಮುತ್ತಾರೆ, ಊರಿನ ಹೆಸರು ಕೆಡುತ್ತದೆ, ಓಣಿಯಲ್ಲಿ ಮೆಣಸಿನಕಾಯಿ ಹರವುವುದು ಬಂದ್ ಆಗಬೇಕು ಎಂದ. ಎಲ್ಲರೂ ಅವನ ಮನೆಯ ಚಹಾ ಕುಡಿದವರು. ಹೂಂ ಅಂದರು.

"ಹೋಗ್ಲಿ ಬಿಡ ಬೇ, ತಾಳಿದವನು ಬಾಳಿಯಾನು," ಎಂದ ಅಪ್ಪ.

"ನೀವು ತಾಳ್ರಿ. ನನ್ನ ಖಾರ ತಾಳಂಗಿಲ್ಲ," ಎಂದಳು ಅವ್ವ.

ಖಾರ ತಾಳಲಿಲ್ಲ. ಅವ್ವ ಬುಟ್ಟಿ ಹೊತ್ತು ಊರ ಹೊರಗಿನ ಬಯಲಿಗೆ ಹೋಗತೊಡಗಿದಳು. ಅಲ್ಲಿ ಆಡು ಕಾಯಬೇಕು, ಗಾಳಿ ಕಾಯಬೇಕು, ಉರಿಬಿಸಿಲಿನಲ್ಲಿ ಕೊಡೆ ಹಿಡಿದು ಕುಳಿತಿರಬೇಕು. ಎಷ್ಟು ಕಾದರೂ ಧೂಳು ಬಿಡುತ್ತದೆಯೇ? ಗುತ್ತಲದ ಹೆಣ್ಣುಮಗಳೊಬ್ಬಳು ಡಬ್ಬಿ ವಾಪಸು ತಂದಿಟ್ಟಳು. "ಅಕ್ಕಾರ, ಸಿಟ್ಟಾಗಬ್ಯಾಡ್ರಿ, ಬಾಯಾಗ ಹಳ್ಳು ಸಿಗಾಕತ್ಯಾವ್ರಿ." ಅವ್ವನ ಖಾರದಲ್ಲಿ ಕಲ್ಲಹರಳು! ಇನ್ನೊಂದು ಬೇಸಿಗೆ ಹೀಗೇ ಹೋದರೆ ಅವ್ವನ ಕೈಯ ಹೆಸರೂ ಹೋಗುತ್ತದೆ, ಹೆಸರು ಹೋದರೆ ಒಲೆಯೂ ಆರುತ್ತದೆ ಎಂದು ನನಗೆ ಗೊತ್ತಾಯಿತು. ಈ ಸಾಹುಕಾರನಿಗೆ ನೀರು ಕುಡಿಸದಿದ್ದರೆ ನಾನು ನಮ್ಮವ್ವನ ಮಗಳೇ ಅಲ್ಲ ಎಂದುಕೊಂಡೆ.

ದಾರಿ ತೋರಿಸಿದ್ದು ಆ ಗಾಲಿಗಳೇ. ಹೊಲಿಗೆ ಯಂತ್ರದ ಮುಂದೆ ಕುಳಿತಾಗ ಗಮನಿಸಿದೆ: ಪೆಟ್ಟಿಗೆ ಓಣಿಗುಂಟ ಗಡಗಡ ಎನ್ನುತ್ತ ಬರುತ್ತದೆ, ಸಾಹುಕಾರನ ಕಟ್ಟೆಯ ಮುಂದೆ ಬಂದಾಗ ಮಾತ್ರ ಧಂ ಧಂ ಎನ್ನುತ್ತದೆ. ಕೆಳಗೆ ಪೊಳ್ಳು. ಕೆಳಗೆ ಹಗೇವು! ನೆಲದೊಳಗೆ ಆಳಕ್ಕೆ ತೋಡಿ ಜೋಳ ತುಂಬಿಡುತ್ತಿದ್ದ ಕಣಜಗಳು ಅವು. ಹಿಂದಿನವರು ಓಣಿಯ ತುಂಬ ತೋಡಿ, ಬಾಯಿಗೆ ಚಪ್ಪಡಿ ಮುಚ್ಚಿದ್ದರು. ಬಂಡಿಯ ಗಾಲಿ ಹಾಯ್ದರೆ ಮೇಲಿನ ಮಣ್ಣು ಕುಸಿದು ಜೋಳ ಹಾಳಾಗುತ್ತದೆಂದು, ಓಣಿಯ ಬಾಯಲ್ಲಿ ಒಂದು ಕಲ್ಲು ನೆಟ್ಟು, ಗಾಲಿ ಎಂಬುದು ಅಲ್ಲಿಗೇ ನಿಲ್ಲಬೇಕು, ಒಳಗೆ ತಲೆಹೊರೆಯೇ ಎಂದು ಕಟ್ಟುನಿಟ್ಟು ಮಾಡಿದ್ದರು. ನನ್ನ ಕಾಲಕ್ಕೆ ಹಗೇವು ಬರಿದಾಗಿದ್ದವು. ಓಣಿಗೆ ಬಂಡಿ ಬರುವುದೇ ನಿಂತಿದ್ದರಿಂದ ಆ ಕಟ್ಟನ್ನು ಯಾರೂ ನೆನೆಯುತ್ತಿರಲಿಲ್ಲ, ಯಾರೂ ತೆಗೆದೂ ಹಾಕಿರಲಿಲ್ಲ.

ಮುಂದಿನ ಅಮಾವಾಸ್ಯೆಗೆ ನಾನೂ ಕಟ್ಟೆಯ ಕೆಳಗೆ ಹೋಗಿ ನಿಂತೆ. ಬಾಯಲ್ಲಿ ಬೆಣ್ಣೆ ಇಟ್ಟುಕೊಂಡು ಕೇಳಿದೆ, "ಕಾಕಾರ, ಒಂದು ಮಾತು. ಈ ಓಣ್ಯಾಗ ಗಾಲಿ ಬರಬಾರದು ಅಂತ ಕಟ್ಟು ಮಾಡಿದವರು ನಿಮ್ಮ ಅಜ್ಜಾರಂತ, ಖರೇನ್ರಿ?"

ಅಜ್ಜನ ಹೆಸರು ತೆಗೆದರೆ ಸಾಕು, ಅವನ ಮೀಸೆ ತಾನಾಗಿಯೇ ಮೇಲೇಳುತ್ತಿತ್ತು. "ಖರೇನ ಅಂತ ಕೇಳ್ತಿಯಲ್ಲ ತಂಗಿ! ಸ್ವಂತ ಮಗನ ಮದಿವ್ಯಾಗ ದಿಬ್ಬಣದ ಬಂಡಿ ಸೈತ ಕಲ್ಲಿನ ಹಂತ್ಯಾಕ ನಿಂದ್ರಿಸಿದ್ದ ನಮ್ಮಜ್ಜ. ಮದುಮಗ ನಡಕೋತ ಬಂದ! ನಮ್ಮ ಮನಿತನದ ಮಾತಂದ್ರ ಮಾತು. ಇವತ್ತಿಗೂ ಐತಿ ಆ ಕಟ್ಟು."

"ಇವತ್ತಿಗೂ ಐತೇನ್ರಿ?"

"ಐತಿ ಅಂದ್ರ ಐತಿ!"

"ಹಂಗಾರ ಕಾಕಾರ, ನಿಮ್ಮ ಮನಿಗೆ ಬರೋ ಪೆಟಗಿಗೆ ಇರೋವು ಗಾಲಿ ಅಲ್ಲೇನ್ರಿ?"

ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು. ಸಾಹುಕಾರ ಬಾಯಿ ತೆರೆದ, ಮುಚ್ಚಿದ. ಮುತ್ಯಾ ಎಲೆಅಡಿಕೆ ಉಗುಳಿ ಬಂದು ಹೇಳಿದ, "ಗಾಲಿ ಸಣ್ಣದಾದ್ರೂ ಗಾಲೀನ. ಅಜ್ಜನ ಮಾತು ಮೊಮ್ಮಗ ಮುರೀಬಾರದು. ಇನ್ನ ಪೆಟಗಿ ಕಲ್ಲಿಂದ ಈಚಿಗೆ ಹೊತ್ಕೊಂಡ ಬರಬೇಕು." ಅಬ್ಬಾ! ನನ್ನ ಹೊಟ್ಟೆಯಲ್ಲಿ ಅವತ್ತು ಬಿದ್ದ ತಂಪನ್ನು ಯಾವ ಮಜ್ಜಿಗೆಯೂ ಮುಂದೆ ಕೊಡಲಿಲ್ಲ.

ಆಮೇಲಿನ ದಿನಗಳು ನನಗೆ ಹಬ್ಬ. ರಿಕ್ಷಾ ಕಲ್ಲಿನ ಹತ್ತಿರ ನಿಲ್ಲಬೇಕು, ಪೆಟ್ಟಿಗೆ ನೆಲ ಮುಟ್ಟಬೇಕು, ಕಟ್ಟೆಕಟ್ಟೆಯಿಂದ ಹೆಂಗಸರು ಕೂಗಬೇಕು: "ಎತ್ರೀ, ಎತ್ರೀ! ಗಾಲಿ ಹಚ್ಚಬ್ಯಾಡ್ರೀ!" ಎಲ್ಲರಿಗಿಂತ ಮೊದಲು ಕೂಗುತ್ತಿದ್ದವಳು ನಾನು. ಅತಿಥಿಗಳು ಗೊಣಗಿದರು. ಕೆಲವರು ಬಸ್‌ಸ್ಟ್ಯಾಂಡಿನ ಕಡೆಯ ಲಾಡ್ಜು ಹುಡುಕಿಕೊಂಡು ಹೋದರು. ಉಳಿದವರನ್ನು ಉಳಿಸಿಕೊಳ್ಳಲು ಸಾಹುಕಾರ ತಾನೇ ಪೆಟ್ಟಿಗೆ ಹೊರತೊಡಗಿದ. ಮಂದಿಯ ಪೆಟ್ಟಿಗೆ ಹೆಗಲ ಮೇಲೆ, ಅಜ್ಜನ ಮನೆತನ ಮೀಸೆಯ ಮೇಲೆ. ಹೊತ್ತು ಹೊತ್ತು ಸೊಂಟ ಹಿಡಿದು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಲ್ಲುವ ಹಾಗಾಯಿತು.

ನಾನು ಕುಣಿದಾಡುತ್ತಿದ್ದೆ. ಅವ್ವ ಕುಣಿಯಲಿಲ್ಲ. ಬಯಲಿನಿಂದ ಬಂದು ಬುಟ್ಟಿ ಇಳಿಸಿ, ಕಣ್ಣಿನ ಧೂಳು ತೊಳೆದುಕೊಳ್ಳುತ್ತ ಕೇಳಿದಳು, "ನಿನ್ನ ಗಾಲಿ ನಿಂತ್ರ ನನ್ನ ಮೆಣಸಿನಕಾಯಿ ಒಣಗತೈತೇನ?"

ನಾನು ಬುಟ್ಟಿ ಎತ್ತಿ ಒಳಗಿಟ್ಟೆ. ಅಷ್ಟರಲ್ಲಿ ಒಂದು ಮುಂಜಾನೆ ಸಾಹುಕಾರನೇ ನಮ್ಮ ಮನೆಗೆ ಬಂದ. ಕೂಡಲಿಲ್ಲ, ನೀರು ಕೇಳಲಿಲ್ಲ. "ನೀವು ಮುತ್ಯಾಗ ಹೇಳಿ ಪೆಟಗಿ ಬಿಡಸ್ರಿ, ನಾನು ಮೆಣಸಿನಕಾಯಿ ಬಿಡಸ್ತೇನಿ," ಎಂದ, ಸಂತೆಯ ವ್ಯಾಪಾರದವರ ಹಾಗೆ.

"ಮೊದ್ಲ ಅವ್ವಗ ತಪ್ಪಾತು ಅನ್ರಿ. ಚಪ್ಪಲಿ ಕಾಲ್ಲೆ ಒದ್ದದ್ದಕ್ಕ," ಎಂದೆ ನಾನು.

"ಖಾರ ಕುಟ್ಟೋರಿಗೆ ನಾನು ತಪ್ಪಾತು ಅನ್ನಬೇಕ?" ಎಂದು ಸೊಂಟ ಹಿಡಿದುಕೊಂಡೇ ತಿರುಗಿ ಹೋದ. ಅವ್ವ ನನ್ನನ್ನು ಬೈಯಲಿಲ್ಲ. ಬುಟ್ಟಿ ಎತ್ತಿಕೊಂಡು ಬಯಲಿಗೆ ಹೋದಳು.

ಅದಾಗಿ ಸ್ವಲ್ಪ ದಿನಕ್ಕೆ ಅವನ ಮಗಳು ಚೊಚ್ಚಲ ಹೆರಿಗೆಗೆಂದು ಪುಣೆಯಿಂದ ತವರಿಗೆ ಬಂದಳು. ಮರುದಿನ ಬರಬೇಕಾದವಳು ಒಂದು ದಿನ ಮೊದಲೇ, ಒಬ್ಬಳೇ ಬಂದಿಳಿದಳು. ತುಂಬುಹೊಟ್ಟೆ, ಕೈಯಲ್ಲಿ ದೊಡ್ಡದೊಂದು ಗಾಲಿಪೆಟ್ಟಿಗೆಯ ಪಟ್ಟಿ. ರಿಕ್ಷಾದವನು ಪೆಟ್ಟಿಗೆ ಇಳಿಸಿ ಹೊರಟುಹೋದ. ಹುಡುಗಿ ಕಲ್ಲು ದಾಟಿ ಎಳೆಯಹೋದಳು. "ಗಾಲಿ ಹಚ್ಚಬ್ಯಾಡ ತಂಗೀ!" ಎಂದು ಯಾರೋ ರೂಢಿಯಂತೆ ಕೂಗಿಯೇಬಿಟ್ಟರು. ಅವಳು ನಿಂತಳು. ಬಾಗಿಲಲ್ಲಿ ಅವಳಪ್ಪ ಚೌಕಟ್ಟು ಹಿಡಿದು ನಿಂತಿದ್ದ. ಒಂದು ಹೆಜ್ಜೆ ಇಳಿದು "ಹಾ" ಎಂದು ಸೊಂಟ ಒತ್ತಿಕೊಂಡ. ನನ್ನ ಕಡೆ ನೋಡಿದ. ನಾನು ಕಟ್ಟೆ ಬಿಟ್ಟು ಏಳಲಿಲ್ಲ. ಈಗಾದರೂ ಏಳುವವಳಲ್ಲ.

ಅದೇ ಹೊತ್ತಿಗೆ ಅವ್ವ ಬಯಲಿನಿಂದ ಬಂದಳು. ಹುಡುಗಿಯನ್ನು ನೋಡಿದಳು, ಬಾಗಿಲನ್ನು ನೋಡಿದಳು. ಬುಟ್ಟಿಯನ್ನು ನಮ್ಮ ಕಟ್ಟೆಯ ಮೇಲಿಟ್ಟು, ತಲೆಯ ಸಿಂಬಿಯನ್ನು ಸರಿ ಮಾಡಿಕೊಂಡು, "ಬಾ ಯವ್ವಾ, ಇಂಥಾ ಹೊತ್ತಿನ್ಯಾಗ ಭಾರ ಎತ್ತಬಾರದು," ಎಂದು ಆ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಮುಂದೆ ನಡೆದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಮನೆಯ ಹೊರೆ ನಮ್ಮವ್ವನ ತಲೆಯ ಮೇಲೆ! ಬೈಯುತ್ತಲೇ ಅವಳ ಹಿಂದೆ ಓಡಿದೆ.

ಸಾಹುಕಾರನ ಹೊಸ್ತಿಲ ಹೊರಗೆ ಅವ್ವ ನಿಂತಳು. ತಲೆಯ ಮೇಲೆ ಅಷ್ಟು ಭಾರವಿದ್ದರೂ ಒಂದು ಕಾಲಿನ ಚಪ್ಪಲಿ ಬಿಟ್ಟಳು, ಇನ್ನೊಂದು ಕಾಲಿನದನ್ನೂ ಬಿಟ್ಟಳು. ಒಳಗೆ ಹೋಗಿ ಪಡಸಾಲೆಯಲ್ಲಿ ಪೆಟ್ಟಿಗೆ ಇಳಿಸಿ, ಬೆವರು ಒರೆಸಿಕೊಂಡು ಅವನ ಕಡೆ ತಿರುಗಿದಳು.

"ನೋಡ್ರಿ ಅಣ್ಣಾರ, ಚಪ್ಪಲಿ ಹೊರಗ ಬಿಟ್ಟು ಬಂದೇನಿ. ಮಂದಿ ಅನ್ನ ಇರೋ ಜಾಗಾ ನೋಡ್ರಿ, ಮೆಟ್ಟು ಹಾಕ್ಕೊಂಡು ಬರಬಾರದು."

ಅವನು ನೆಲ ನೋಡಿದ. ಮಗಳಿಗೆ ತಿಳಿಯಲಿಲ್ಲ. "ಯಾಕ ದೊಡ್ಡವ್ವಾ, ಏನಾತು?" ಎಂದಳು.

"ನಿಮ್ಮಪ್ಪನ್ನ ಕೇಳವಾ," ಎಂದು ಅವ್ವ ಚಪ್ಪಲಿ ಮೆಟ್ಟಿ ಹೊರಟಳು. ನನ್ನ ಅಷ್ಟು ದಿನದ ಕೂಗಾಟವೆಲ್ಲ ಆ ಒಂದು ಮಾತಿನ ಮುಂದೆ ಹುಡುಗಾಟವಾಗಿ ಕಂಡಿತು.

ಮರುದಿನ ಅವ್ವ ಯಾರನ್ನೂ ಕೇಳಲಿಲ್ಲ. ಓಣಿಯಲ್ಲಿ ತಾಡಪತ್ರಿ ಹಾಸಿದೆವು, ಮೆಣಸಿನಕಾಯಿ ಹರವಿದೆವು. ಕಟ್ಟೆಯ ಮೇಲಿದ್ದವರು ಕತ್ತು ಚಾಚಿ ನೋಡುತ್ತಿದ್ದರು. ನಡುಮಧ್ಯಾಹ್ನ ಎದುರಿನ ಬಾಗಿಲು ತೆರೆಯಿತು. ಸಾಹುಕಾರ ಪೇಟೆಗೆ ಹೊರಟಿದ್ದ. ಕಿಟಕಿಯಲ್ಲಿ ಮಗಳು ನಿಂತಿದ್ದಳು. ಕಿರ್‌ಕಿರ್ ಎನ್ನುತ್ತ ಇಳಿದು ಬಂದವನು ತಾಡಪತ್ರಿಯ ಅಂಚಿನಲ್ಲಿ ನಿಂತ. ಹಿಂದೆ ಕಿಟಕಿಯ ಕಡೆ ನೋಡಿದ, ಮುಂದೆ ಅವ್ವನ ಕಡೆ ನೋಡಿದ. ಆಮೇಲೆ ಆ ಸೊಂಟವನ್ನು ಹಿಡಿದು ಬಗ್ಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡ. ಹಾಸುಗಲ್ಲು ರೊಟ್ಟಿಯ ಹಂಚಿನಂತೆ ಕಾದಿತ್ತು. ಕಾಲು ಎತ್ತೆತ್ತಿ ಇಡುತ್ತ ಹೊರಟ.

"ಸಾವಕಾಶ ಅಣ್ಣಾರ, ಬಿಸಿಲು ಭಾಳ ಐತಿ," ಎಂದಳು ಅವ್ವ, ತೊಟ್ಟು ಮುರಿಯುತ್ತ. ಅವಳ ದನಿಯಲ್ಲಿ ನಗುವಿರಲಿಲ್ಲ.

ಅವ್ವನಿಗೆ ಅವತ್ತು ಒಂದು ಸಂಗತಿ ಗೊತ್ತಿರಲಿಲ್ಲ. ಮಧ್ಯಾಹ್ನದಲ್ಲೂ ಓಣಿಯ ನಮ್ಮ ಬದಿಯಲ್ಲಿ, ಸೂರಿನ ಕೆಳಗೆ ಒಂದು ಪಟ್ಟಿ ನೆರಳು ಇರುತ್ತದೆ. ಬರಿಗಾಲಿನವರು ಅಲ್ಲೇ ಹಾಯುತ್ತಾರೆ. ಮುಂಜಾನೆ ಅವಳು ಒಳಗೆ ಹೋದಾಗ ತಾಡಪತ್ರಿಯನ್ನು ಆ ನೆರಳು ಬೀಳುವ ಜಾಗದ ಮೇಲೆಲ್ಲ ಎಳೆದು, ಕಾದ ಕಲ್ಲಿನ ಅಂಚನ್ನಷ್ಟೇ ಬಿಟ್ಟು ಹಾಸಿದವಳು ನಾನು.