ನಾಲ್ಕು ಬೆರಳಗಲದ ಪಟ್ಟಿ

ಅಪ್ಪನಿಗೆ ಸನ್ಮಾನವಂತೆ. ಚಿತ್ರಕಾರರ ಸಂಘದವರು ಹೋದ ವಾರ ಅಂಗಡಿಗೆ ಬಂದು ಹೇಳಿಹೋದರು. ಐವತ್ತು ವರ್ಷ ಊರಿನ ಚಿತ್ರಗಳಿಗೆಲ್ಲ ಮರದ ಕಟ್ಟು ಹಾಕಿದ ಕೈ, ಯಾರ ಮುಲಾಜಿಗೂ ಬಗ್ಗದ ಕಣ್ಣು, ಹೀಗೆ ಏನೇನೋ ಹೊಗಳಿದರು. ಕಲಾಭವನದ ಬಾಗಿಲಲ್ಲೇ ಅಪ್ಪನ ಫೋಟೋ ತೂಗುಹಾಕುತ್ತಾರಂತೆ. ಆ ಫೋಟೋಗೆ ಕಟ್ಟು ಹಾಕುವ ಕೆಲಸ ಮಗಳಾದ ನನ್ನದಂತೆ. ಆಯಿತು, ಹಾಕುತ್ತೇನೆ. ಅದಕ್ಕೆ ಮೊದಲು ಈ ಮನುಷ್ಯ ಎಂಥವನು ಎಂದು ನಾನೂ ಒಂದಿಷ್ಟು ಹೇಳಿಬಿಡುತ್ತೇನೆ. ಅವರ ಭಾಷಣದಲ್ಲಿ ಇದು ಬರುವುದಿಲ್ಲ.

ನಮ್ಮ ಅಂಗಡಿಗೆ ಮೂರು ಮೆಟ್ಟಿಲು, ಒಳಗೊಂದು ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಮರದ ಪಟ್ಟಿಗಳು, ಮೂಲೆಯಲ್ಲಿ ಗಾಜು, ಗೂಡಿನಲ್ಲಿ ರೇಡಿಯೋ. ಅಪ್ಪನಿಗೆ ಹಾಡು, ಸಿನಿಮಾ, ಚಿತ್ರ ಮೂರೂ ಪ್ರಾಣ. ಪ್ರಾಣವೆಂದರೆ ಜಗಳಕ್ಕೆ ನಿಲ್ಲುವಷ್ಟು ಪ್ರಾಣ. ರೇಡಿಯೋದಲ್ಲಿ ಯಾರಾದರೂ ಸಣ್ಣ ದುಃಖಕ್ಕೆ ದೊಡ್ಡ ರಾಗ ಎಳೆದರೆ "ಇವನಿಗೆ ಹಲ್ಲುನೋವು ಕಣೇ" ಎಂದು ರೇಡಿಯೋದ ಕಿವಿ ಹಿಂಡುತ್ತಿದ್ದ. ಹಾಡು ಹಿಡಿಸಿದರೆ ಗರಗಸ ನಿಲ್ಲುತ್ತಿತ್ತು. ಗಿರಾಕಿ ಮುಂದೆ ನಿಂತಿದ್ದರೂ ಅಷ್ಟೇ, ಹಾಡು ಮುಗಿಯುವವರೆಗೆ ಅವರೂ ಬಾಯಿ ಮುಚ್ಚಿಕೊಂಡು ನಿಲ್ಲಬೇಕು.

ಶುಕ್ರವಾರ ಹೊಸ ಸಿನಿಮಾ ಬಂದರೆ ನನ್ನ ಕೈ ಹಿಡಿದು ಮೊದಲ ಆಟಕ್ಕೇ ಹೊರಡುತ್ತಿದ್ದ. ಇಂಟರ್‌ವಲ್ ಆಯಿತೋ, ಎದ್ದುಬಿಡುತ್ತಿದ್ದ. "ನಡಿ ಪುಟ್ಟಿ. ಆಮೇಲಿಂದು ಗೊತ್ತಿದ್ದದ್ದೇ." ನಾನು ಅತ್ತರೂ ಕೇಳುತ್ತಿರಲಿಲ್ಲ. ನನಗೆ ಇವತ್ತಿಗೂ ನೂರಾರು ಸಿನಿಮಾಗಳ ಅರ್ಧ ಕಥೆ ಗೊತ್ತು. ಯಾರು ಯಾರನ್ನು ಕೊಂದರು, ಕೊನೆಗೆ ಯಾರಿಗೆ ಯಾರು ಸಿಕ್ಕರು, ದೇವರಾಣೆಗೂ ಗೊತ್ತಿಲ್ಲ.

ಚಿತ್ರಗಳ ವಿಷಯದಲ್ಲಿ ಮಾತ್ರ ಅಪ್ಪ ಬಾಯಿ ಬಿಡುತ್ತಿರಲಿಲ್ಲ. ತಂದವರು ಗಿರಾಕಿಗಳಲ್ಲವೇ. ಅವನ ಮಾತೆಲ್ಲ ಮರದಲ್ಲಿ. ಚಿತ್ರ ಮನಸ್ಸಿಗೆ ಬಂದರೆ ಕಿರುಬೆರಳಷ್ಟು ಸಣ್ಣ ಪಟ್ಟಿ, ಬಣ್ಣವಿಲ್ಲದ್ದು. ಬರದಿದ್ದರೆ ಅಗಲದ್ದು. ತೀರಾ ಕೆಟ್ಟದ್ದಕ್ಕೆ ನಾಲ್ಕು ಬೆರಳಗಲದ, ಬಳ್ಳಿ ಕೆತ್ತಿದ, ಚಿನ್ನದ ಬಣ್ಣದ ಪಟ್ಟಿ. "ಚಿತ್ರ ಕೆಟ್ಟಷ್ಟೂ ಮರ ಜಾಸ್ತಿ ಬೇಕು ಪುಟ್ಟಿ. ಮುಚ್ಚಬೇಕಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದ. ದುಡ್ಡಿದ್ದವರು ಆ ಚಿನ್ನದ ಕಟ್ಟನ್ನು ಸಂಭ್ರಮದಿಂದ ಹೊತ್ತುಕೊಂಡು ಹೋಗುತ್ತಿದ್ದರು. ಚಿತ್ರ ಬರೆಯುವವರಿಗೆ ಗುಟ್ಟು ಗೊತ್ತಿತ್ತು. ಅವರು ಚಿತ್ರವನ್ನು ಮೇಜಿನ ಮೇಲಿಟ್ಟು, ಅಪ್ಪನ ಕೈ ಯಾವ ಕಡೆಗೆ ಹೋಗುತ್ತದೆ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ನಾನು ಒಳಬಾಗಿಲ ಮರೆಯಲ್ಲಿ ನಿಂತು ಅವರ ಮುಖ ಬಾಡುವುದನ್ನು ನೋಡಿ ಕಿಸಕ್ಕನೆ ನಗುತ್ತಿದ್ದೆ. ನಕ್ಕದ್ದಕ್ಕೆ ಆಮೇಲೆ ಸರಿಯಾಗಿಯೇ ಅನುಭವಿಸಿದೆ.

ಒಮ್ಮೆ ಒಬ್ಬ ಗುಂಗುರು ಕೂದಲಿನವನು ದೊಡ್ಡ ಬಿಳಿ ಹಾಳೆಯೊಂದನ್ನು ತಂದ. ಅದರ ನಡುವೆ ಬೆಂಕಿ ತಾಗಿಸಿ ಸುಟ್ಟ ಒಂದು ತೂತು. ಅಷ್ಟೇ, ಬೇರೇನೂ ಇಲ್ಲ. ಅಪ್ಪ ಗಂಭೀರವಾಗಿ ಕೇಳಿದ: "ಕಟ್ಟು ಹಾಳೆಗೋ, ತೂತಿಗೋ?" ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಅವನ ಕೈ ಸೀದಾ ಸಣ್ಣ ಪಟ್ಟಿಗೆ ಹೋಯಿತು. "ನಗಬೇಡ ಪುಟ್ಟಿ. ಈತ ಸುಳ್ಳು ಹೇಳಿಲ್ಲ" ಎಂದ. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ತೂತಿನವನನ್ನು ಊರೇ ತಲೆ ಮೇಲೆ ಹೊತ್ತು ಮೆರೆಸಿತು. ಅಪ್ಪನ ಕಣ್ಣು ಅಂಥದ್ದು. ಅದನ್ನು ನಾನು ಇಲ್ಲವೆನ್ನುವುದಿಲ್ಲ. ನನ್ನ ಸಂಕಟವೇ ಅದು.

ನಾನೂ ಬರೆಯುತ್ತಿದ್ದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಮ್ಮನ ಚಿತ್ರವೊಂದನ್ನು ಕ್ಯಾನ್ವಾಸಿನ ಮೇಲೆ ಬರೆದೆ. ಹೊಲಿಗೆ ಯಂತ್ರದ ಮುಂದೆ ಕತ್ತು ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿರುವ ಅಮ್ಮ. ಕಲಾಶಾಲೆಗೆ ಸೇರಬೇಕೆನ್ನುವವರು ಕಲಾಭವನದಲ್ಲಿ ಒಂದು ಚಿತ್ರ ಇಡಬೇಕಿತ್ತು. ಶಾಲೆಯ ಮೇಷ್ಟ್ರುಗಳು ಬಂದು ನೋಡಿ ಆರಿಸುತ್ತಿದ್ದರು. ಬೇರೆ ಊರು, ನಾಲ್ಕು ವರ್ಷದ ಓದು, ದಿನವಿಡೀ ಬಣ್ಣದ ನಡುವೆ ಬದುಕು. ಎಲ್ಲವೂ ಆ ಒಂದು ಚಿತ್ರದ ಮೇಲೆ ನಿಂತಿತ್ತು. ಅದನ್ನು ಅಪ್ಪನ ಮೇಜಿನ ಮೇಲಿಟ್ಟೆ. "ಎರಡು ದಿನ ಈ ಕಡೆ ಬರಬೇಡ" ಎಂದ. ನಾನು ಊಟ ನಿದ್ದೆ ಬಿಟ್ಟು ಕಾದೆ.

ಮೂರನೆಯ ದಿನ ಹೋದರೆ ನನ್ನ ಅಮ್ಮ ನಾಲ್ಕು ಬೆರಳಗಲದ ಚಿನ್ನದ ಕಟ್ಟಿನೊಳಗೆ ಕೂತಿದ್ದಳು. ಬಳ್ಳಿ, ಎಲೆ, ಮೂಲೆಗೊಂದು ಹೂವು.

"ಸಣ್ಣ ಪಟ್ಟಿ ಮುಗಿದಿದೆ ಪುಟ್ಟಿ" ಎಂದ ಅಪ್ಪ, ನನ್ನ ಮುಖ ನೋಡದೆ. ಅವನ ಬೆನ್ನ ಹಿಂದೆಯೇ ಸಣ್ಣ ಪಟ್ಟಿಗಳು ಸಾಲಾಗಿ ಒರಗಿದ್ದವು. ಪಾಪ, ಮಗಳು ನೊಂದುಕೊಳ್ಳಬಾರದೆಂದು ಬಾಯಲ್ಲಿ ಸುಳ್ಳು ಹೇಳುತ್ತಿದ್ದಾನೆ, ಮರದಲ್ಲಿ ನಿಜ ಹೇಳಿದ್ದಾನೆ ಎಂದುಕೊಂಡೆ. ಅಷ್ಟು ನಂಬಿದ್ದೆ ಅವನ ಮರವನ್ನು. ಬೇರೆ ಕಟ್ಟು ಹಾಕು ಎಂದು ಕೇಳಲೂ ಇಲ್ಲ.

ಕಲಾಭವನದಲ್ಲಿ ಮೇಷ್ಟ್ರುಗಳು ನನ್ನ ಚಿತ್ರದ ಮುಂದೆ ನಿಂತದ್ದು ಒಂದು ಕ್ಷಣ. ನಮ್ಮ ಅಂಗಡಿಗೆ ಬಂದು ಹೋಗಿ ಬಲ್ಲ ಗಡ್ಡದವರೊಬ್ಬರು ಕಟ್ಟನ್ನು ನೋಡಿ, ಪಕ್ಕದವರಿಗೆ ಮೆಲ್ಲಗೆ ಹೇಳಿದರು: "ಹೆತ್ತ ಅಪ್ಪನೇ ಹೇಳಿಬಿಟ್ಟಿದ್ದಾರಲ್ಲ. ಇನ್ನು ನಾವೇನು ಹೇಳೋದು." ನನಗೆ ಕೇಳಿಸಿತು. ಅವರು ಮುಂದಿನ ಚಿತ್ರಕ್ಕೆ ಹೋದರು.

ಅಲ್ಲಿಗೆ ಮುಗಿಯಿತು. ಕುಂಚಗಳನ್ನು ಅಂಗಡಿಗೆ ತಂದು ಅಂಟು ಹಚ್ಚಲು ಇಟ್ಟೆ. ಗಾಜು ಕೊಯ್ಯುವ ಕೆಲಸ ಹಿಡಿದೆ. ಗಾಜಿಗೆ ಒಂದೇ ಗೀರು ಎಳೆಯಬೇಕು. ಕೈ ಅಳುಕಿ ಎರಡನೆಯದು ಎಳೆದರೆ ಒಡೆಯುತ್ತದೆ. ನನ್ನ ಕೈ ಅಳುಕುತ್ತಿರಲಿಲ್ಲ. "ನಿನ್ನ ಗೀರು ನೋಡಿದ್ರೆ ಕಣ್ಣಿಗೆ ತಂಪು" ಎನ್ನುತ್ತಿದ್ದ ಅಪ್ಪ. ಇಪ್ಪತ್ತಾರು ವರ್ಷ ಬೇರೆಯವರ ಚಿತ್ರಗಳಿಗೆ ಗಾಜು ಕೊಯ್ದೆ. ಮದುವೆಯ ಮಾತು ಬಂದಾಗಲೆಲ್ಲ ಅಂಗಡಿ ಅಡ್ಡ ಬಂತು. ಅಮ್ಮ ತೀರಿಕೊಂಡಳು. ಅವಳ ಚಿತ್ರ ಮನೆಯ ಒಳಕೋಣೆಯಲ್ಲಿ ಚಿನ್ನದ ಕಟ್ಟಿನಲ್ಲಿ ಧೂಳು ತಿನ್ನುತ್ತ ತೂಗುತ್ತಿತ್ತು.

ಸನ್ಮಾನದ ಸುದ್ದಿ ಬಂದ ಮೇಲೆ ಮನೆಗೆ ನಾಲ್ಕು ಜನ ಬರುತ್ತಾರೆಂದು ಗೋಡೆ ಒರೆಸಲು ಅಮ್ಮನ ಚಿತ್ರ ಇಳಿಸಿದೆ. ಕಟ್ಟಿಗೆ ಹುಳು ಹಿಡಿದು ಪುಡಿ ಉದುರುತ್ತಿತ್ತು. ಹಿಂದಿನ ತಿರುಪು ಬಿಚ್ಚಿ ಚಿತ್ರವನ್ನು ಹೊರಗೆ ತೆಗೆದೆ. ತೆಗೆದವಳು ಅಲ್ಲೇ ಕೂತೆ.

ಅಗಲ ಪಟ್ಟಿಯನ್ನು ಹಿಂದಿನಿಂದ ತಿರುಪು ಹಾಕಿ ಕೂರಿಸುತ್ತೇವೆ. ಸಣ್ಣ ಪಟ್ಟಿಯನ್ನು ಮಾತ್ರ ಪಕ್ಕದಿಂದ ಮೊಳೆ ಹೊಡೆದು ಕೂರಿಸುವುದು. ಅಮ್ಮನ ಚಿತ್ರದ ನಾಲ್ಕೂ ಪಕ್ಕದಲ್ಲಿ ಮೊಳೆಯ ತೂತುಗಳಿದ್ದವು. ಗೇಣಿಗೊಂದರಂತೆ, ಅಪ್ಪನ ಗೇಣು. ಅಂದರೆ ಮೊದಲು ಸಣ್ಣ ಪಟ್ಟಿಯನ್ನೇ ಹಾಕಿದ್ದ. ಹಾಕಿ, ನೋಡಿ, ಕಿತ್ತು ಹಾಕಿದ್ದ.

ಚಿತ್ರವನ್ನು ಅಂಗಡಿಗೆ ಒಯ್ದು ಅವನ ಮುಂದೆ ಮೇಜಿನ ಮೇಲಿಟ್ಟೆ. "ಇದೇನಪ್ಪ?"

ಅಪ್ಪ ಕನ್ನಡಕ ಏರಿಸಿ, ತೂತುಗಳ ಮೇಲೆ ಬೆರಳಾಡಿಸಿದ. ಬೆರಳು ನಡುಗುತ್ತಿತ್ತು, ಅದೀಗ ಯಾವಾಗಲೂ ನಡುಗುತ್ತದೆ. "ನನ್ನ ಕೈಯೇ" ಎಂದ.

"ಅದು ಗೊತ್ತು. ಚಿತ್ರ ಹೇಗಿತ್ತು, ಅದನ್ನ ಹೇಳು."

"ಚೆನ್ನಾಗಿತ್ತು." ಚಿತ್ರವನ್ನು ತನ್ನ ಕಡೆಗೆ ತಿರುಗಿಸಿಕೊಂಡ: "ನಿಮ್ಮಮ್ಮನ ಆ ಕತ್ತು ಇದೆಯಲ್ಲ, ಹಾಗೆ ಬರೆಯೋರು ಈ ಊರಲ್ಲಿ ಯಾರೂ ಇರಲಿಲ್ಲ."

ನಲವತ್ತೈದು ವರ್ಷಕ್ಕೆ ನನ್ನ ಚಿತ್ರಕ್ಕೆ ಸಿಕ್ಕ ಮೊದಲ ಹೊಗಳಿಕೆ.

"ಮತ್ಯಾಕಪ್ಪ?"

"ಆಗ್ಲೇ ನನ್ನ ಕೈ ನಡುಗೋಕೆ ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಗಾಜು ಕೊಯ್ಯೋರು ಬೇಕಿತ್ತು. ನಿನ್ನ ಕೈ ಗಟ್ಟಿ ಇತ್ತು."

"ಕೇಳಬಹುದಿತ್ತಲ್ಲ. ಹೋಗಬೇಡ ಅನ್ನಬಹುದಿತ್ತಲ್ಲ."

"ಕೇಳಿದ್ರೆ ನಿಲ್ತಿದ್ಯಾ?" ಎಂದು ನನ್ನನ್ನೇ ಕೇಳಿದ. ನಿಲ್ಲುತ್ತಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು. "ಹೋಗಿದ್ರೂ ಏನಾಗ್ತಿತ್ತು ಪುಟ್ಟಿ? ನಾಲ್ಕು ದಿನ ಬರೀತಿದ್ದೆ. ಆಮೇಲಿಂದು ಗೊತ್ತಿದ್ದದ್ದೇ."

ನನಗೆ ಗೊತ್ತಿರಲಿಲ್ಲ. ನನಗೆ ಯಾವುದರ ಆಮೇಲಿನದೂ ಗೊತ್ತಿಲ್ಲ. ಊರಿನ ಯಾವ ದಡ್ಡನಿಗೂ ಮರದಲ್ಲಿ ಸುಳ್ಳು ಹೇಳದವನು, ಮುಖ ಮುರಿದರೂ ಪರವಾಗಿಲ್ಲ ಎಂದು ನಿಜವನ್ನೇ ಕೆತ್ತಿ ಕೊಟ್ಟವನು, ಜೀವಮಾನದಲ್ಲಿ ಒಂದೇ ಒಂದು ಸಲ ಸುಳ್ಳು ಹೇಳಿದ. ಹೇಳಿದ್ದು ನನಗೆ. ಇದನ್ನು ಯಾರ ಹತ್ತಿರ ಹೇಳಿಕೊಂಡು ಅಳಲಿ? ಕ್ಷಮಿಸು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಬಂದಿದ್ದರೂ ನಾನು ಏನು ಮಾಡುತ್ತಿದ್ದೆನೋ.

ಇವತ್ತು ಬೆಳಿಗ್ಗೆ ಸಂಘದವರು ಫೋಟೋ ಕಳಿಸಿದರು. ಅಪ್ಪ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ. ನಾನು ಅಳತೆ ತೆಗೆದು, ಗಾಜು ಕೊಯ್ದೆ. ಒಂದೇ ಗೀರು. ಪಟ್ಟಿ ಆರಿಸುವ ಹೊತ್ತಿಗೆ ಅವನು ಸುಮ್ಮನಿರಲಾರದೆ ಹೋದ.

"ಸಣ್ಣದೇ ಹಾಕು ಪುಟ್ಟಿ. ಬಣ್ಣ ಬೇಡ. ಅಲ್ಲಿಗೆ ಬರೋರೆಲ್ಲ ಬರೆಯೋರು, ನೋಡಿದ ಕೂಡ್ಲೇ ತಿಳ್ಕೊಳ್ತಾರೆ."

ನಾನು ಮೇಲಿನ ಸಾಲಿಗೆ ಕೈ ಚಾಚಿ, ನಾಲ್ಕು ಬೆರಳಗಲದ ಚಿನ್ನದ ಪಟ್ಟಿಯನ್ನು ಇಳಿಸಿ, ಬಟ್ಟೆಯಿಂದ ಒರೆಸಿ ಮೇಜಿನ ಮೇಲಿಟ್ಟೆ. ಅಪ್ಪ ಅದನ್ನು ನೋಡಿದ. ಆಮೇಲೆ ನನ್ನ ಬೆನ್ನ ಹಿಂದೆ ಗೋಡೆಗೆ ಸಾಲಾಗಿ ಒರಗಿದ್ದ ಸಣ್ಣ ಪಟ್ಟಿಗಳನ್ನು ನೋಡಿದ.

"ಸಣ್ಣ ಪಟ್ಟಿ ಮುಗಿದಿದೆ ಅಪ್ಪ" ಎಂದೆ, ಅವನ ಮುಖ ನೋಡಿಕೊಂಡೇ.