ಮಧ್ಯದ ಪೆಡಲ್

ಪೆಟ್ಟಿಗೆ ಬಿಚ್ಚಿದಾಗ ಮೊದಲು ಮೂಗಿಗೆ ಬಂದದ್ದು ಹೊಸ ರಬ್ಬರಿನ ವಾಸನೆ. ಅದರ ಹಿಂದೆಯೇ, ಸಣ್ಣಗೆ, ಸ್ಪ್ರಿಂಗಿಗೆ ಹಚ್ಚಿದ ಎಣ್ಣೆಯದು. ಬಂಗಾರಪೇಟೆಯ ನಮ್ಮ ಮನೆಯಲ್ಲಿ ನೆಲದ ಮೇಲೆ ಕೂತು, ಮೂರು ಪೆಡಲುಗಳಿದ್ದ ಆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದುಬಿಟ್ಟೆ. ಆ ಎಣ್ಣೆಯ ವಾಸನೆ ನನ್ನನ್ನು ಕೆಜಿಎಫ್ ಚಿನ್ನದ ಗಣಿಯ ಬಳಿಯ ಕೋರಮಂಡಲ್‌ನ ಒಂದು ಹಳೆಯ ಗಣಿ ಕ್ವಾರ್ಟರ್ಸಿಗೆ ಕರೆದುಕೊಂಡು ಹೋಗಿತ್ತು... ಪಿಯಾನೋ ಮಿಸ್ ಮನೆಗೆ.

ಡಿಜಿಟಲ್ ಪಿಯಾನೋ ಕೊಂಡು ಎರಡು ವರ್ಷವಾಗಿತ್ತು. ಅದರ ಜೊತೆ ಬಂದಿದ್ದು ಸೋಪಿನ ಡಬ್ಬಿಯಷ್ಟಿದ್ದ ಒಂದೇ ಒಂದು ಪೆಡಲ್. ಒತ್ತಿದಾಗೆಲ್ಲ ಜಾರಿ ಗೋಡೆಯ ಕಡೆ ಹೋಗುತ್ತಿತ್ತು. ನನ್ನ ಹತ್ತಿರ ಕಲಿಯಲು ಬರುವ ಮಕ್ಕಳು ನುಡಿಸುವುದು ಬಿಟ್ಟು ಕಾಲಲ್ಲಿ ಅದನ್ನು ತಡಕುತ್ತಿದ್ದರು. ಪೂರ್ತಿ ಒತ್ತಿದ್ದು, ಪೂರ್ತಿ ಬಿಟ್ಟಿದ್ದು, ಎರಡೇ ಅದಕ್ಕೆ ತಿಳಿಯುತ್ತಿತ್ತು. ಅರ್ಧ ಒತ್ತಿ ನಾದವನ್ನು ಮೆಲ್ಲಗೆ ಕರಗಿಸುವುದು ಅದರ ಕೈಲಾಗದ ಮಾತು. ಮೂರು ಪೆಡಲಿನದನ್ನು ತರಿಸೋಣವೆಂದು ಫೋನ್ ಮಾಡಿದರೆ ಅಂಗಡಿಯವನು ಮೊದಲು ಕೇಳಿದ್ದು ಪಿಯಾನೋದ ಮಾಡೆಲ್ ನಂಬರು. ಒಂದು ಕಂಪನಿಯದು ಇನ್ನೊಂದಕ್ಕೆ ಆಗುವುದಿಲ್ಲ, ಒಂದೇ ಕಂಪನಿಯದಾದರೂ ಪಿನ್ನು ಬೇರೆ ಇರುತ್ತದೆ, ಮರದ ಸ್ಟ್ಯಾಂಡ್ ಇದ್ದರೆ ಮಾತ್ರ ಸ್ಕ್ರೂ ಹಾಕಿ ಕೂರಿಸಬಹುದು ಎಂದೆಲ್ಲ ತಾಳ್ಮೆಯಿಂದ ಹೇಳಿದ. ಕೊನೆಗೆ, ಎಲ್ಲರೂ ಬಳಸುವುದು ಬಲಗಡೆಯದನ್ನು ಮಾತ್ರ, ಮಧ್ಯದ್ದನ್ನು ಯಾರೂ ಮುಟ್ಟುವುದೇ ಇಲ್ಲ, ನಿಮಗೆ ಮೂರು ಯಾಕೆ ಎಂದ. ನಾನು ಮೂರರದನ್ನೇ ಕಳಿಸಿ ಎಂದೆ.

ಮಿಸ್ ಮನೆಗೆ ನಾನು ಹೋಗತೊಡಗಿದಾಗ ನನಗೆ ಹನ್ನೊಂದು ವರ್ಷ. ಗಣಿ ಮುಚ್ಚಿ ಎರಡೋ ಮೂರೋ ವರ್ಷವಾಗಿತ್ತು. ಅಪ್ಪ ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು, ಆಗ ನಮ್ಮ ಮನೆಯೂ ಅಲ್ಲೇ ಇತ್ತು. ಶಾಲೆಯ ಪ್ರಾರ್ಥನೆಗೆ ನಾನು ಕೀಬೋರ್ಡ್ ನುಡಿಸುವುದನ್ನು ಕೇಳಿ, ಚರ್ಚಿನಲ್ಲಿ ನುಡಿಸುತ್ತಿದ್ದ ಮಿಸ್ ತಾವಾಗಿಯೇ ಮನೆಗೆ ಬಾ ಎಂದು ಕರೆದಿದ್ದರು. ಅರವತ್ತು ದಾಟಿದ್ದರು. ಮಂಡಿ ಬಗ್ಗುತ್ತಿರಲಿಲ್ಲ, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಮಿಳಿನ ನಡುವೆ ಕನ್ನಡ ಸೇರಿಸಿ ಮಾತಾಡುತ್ತಿದ್ದರು. ಎಲ್ಲ ಮಕ್ಕಳನ್ನೂ ಮುದ್ದಿನಿಂದ ‘ಕಣ್ಣು’ ಎಂದೇ ಕರೆಯುತ್ತಿದ್ದರು.

ಅವರ ಗಂಡ ಗಣಿಯ ತಳದಲ್ಲಿ ಕೆಲಸ ಮಾಡುತ್ತಿದ್ದವರು. ತುಂಬ ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿಯುವುದಕ್ಕೆ ಅಲ್ಲಿನವರು ಏರ್‌ಬ್ಲಾಸ್ಟ್ ಅನ್ನುತ್ತಿದ್ದರು. ನಾನು ಹುಟ್ಟುವುದಕ್ಕೂ ಮುಂಚೆ ಅಂಥದೊಂದು ಸಿಡಿತದಲ್ಲಿ ಅವರು ಒಳಗೇ ಉಳಿದುಹೋದರು. ದೇಹ ಮೇಲೆ ಬರಲಿಲ್ಲ. ಹಾಗಾಗಿ ಸಮಾಧಿಯೂ ಇರಲಿಲ್ಲ.

ಮಿಸ್ ಮನೆಯ ಪಿಯಾನೋ ಗೋಡೆಗೆ ಒರಗಿಸಿಟ್ಟ ಹಳೆಯ ಕಾಲದ್ದು, ಮೂರು ಪೆಡಲಿನದು. ಬಲಗಡೆಯದನ್ನು ಒತ್ತಿದರೆ ತಂತಿಗಳನ್ನು ಹಿಡಿದಿಟ್ಟ ಬಟ್ಟೆಯ ತುಂಡುಗಳೆಲ್ಲ ಒಟ್ಟಿಗೆ ಹಿಂದೆ ಸರಿದು ನಾದ ಬಹಳ ಹೊತ್ತು ನಿಲ್ಲುತ್ತಿತ್ತು. ಎಡಗಡೆಯದು ಸದ್ದನ್ನು ತಗ್ಗಿಸುತ್ತಿತ್ತು. ಮಧ್ಯದ್ದನ್ನು ಒತ್ತಿದರೆ ತಂತಿಗಳ ಮುಂದೆ ಒಂದು ದಪ್ಪ ಬಟ್ಟೆಯ ಪಟ್ಟಿ ಇಳಿದು, ಪಕ್ಕದ ಕೋಣೆಗೂ ಕೇಳದಷ್ಟು ಮೆತ್ತಗಾಗುತ್ತಿತ್ತು. ಗಂಡ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದಾಗ ಮಿಸ್ ಅದನ್ನು ಒತ್ತಿಯೇ ನುಡಿಸುತ್ತಿದ್ದರಂತೆ.

“ಬೆರಳು ಬಿದ್ದ ಮೇಲೆ ಕಾಲು. ಮುಂಚೆ ಅಲ್ಲ,” ಅನ್ನುತ್ತಿದ್ದರು. ಒಂದು ಸ್ವರಗುಚ್ಛ ಮುಗಿದು ಇನ್ನೊಂದು ಶುರುವಾಗುವಾಗ ಪೆಡಲ್ ಬಿಟ್ಟು ಮತ್ತೆ ಹಿಡಿಯುವುದನ್ನು ಕಲಿಯಲು ನನಗೆ ಒಂದು ಇಡೀ ಬೇಸಿಗೆ ಬೇಕಾಯಿತು. ಇವತ್ತಿಗೂ ಮಕ್ಕಳಿಗೆ ಅದೇ ಮಾತು ಹೇಳುತ್ತೇನೆ.

ಆದರೆ ನನಗಿದ್ದ ಇನ್ನೊಂದು ಕೆಲಸದ ಬಗ್ಗೆ ಯಾರಿಗೂ ಹೇಳಿಲ್ಲ. ನಾನು ಹೋದಾಗೆಲ್ಲ ಬಲಗಡೆಯ ಪೆಡಲಿನ ಮೇಲೆ ಟವೆಲ್ ಸುತ್ತಿದ ಒಂದು ದೊಡ್ಡ ಕಪ್ಪು ಕಲ್ಲು ಇರುತ್ತಿತ್ತು. ಅವರ ಗಂಡ ಯಾವತ್ತೋ ಗಣಿಯಿಂದ ತಂದಿದ್ದು. ಪಾಠಕ್ಕೆ ಮುಂಚೆ ಅದನ್ನು ಎತ್ತಿ ಬದಿಗಿಡಬೇಕು, ಹೊರಡುವಾಗ ಮತ್ತೆ ಪೆಡಲಿನ ಮೇಲೆ ಇಡಬೇಕು. ಮಿಸ್‌ಗೆ ಬಗ್ಗಲು ಆಗುತ್ತಿರಲಿಲ್ಲವಲ್ಲ. ಒಂದು ದಿನ ಯಾಕೆಂದು ಕೇಳಿದೆ. ತಂತಿಗಳನ್ನು ಬಿಟ್ಟಿಟ್ಟರೆ ಕೆಳಗಿನಿಂದ ಏನು ಬಂದರೂ ಅವು ಹೇಳುತ್ತವೆ ಎಂದರು. ನನಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ಒಂದು ಸಂಜೆ. ಮುಚ್ಚಿದ ಗಣಿಗಳಲ್ಲಿ ನೀರು ತುಂಬಿಕೊಳ್ಳುತ್ತಿದ್ದ ಕಾಲ. ಆಗೊಮ್ಮೆ ಈಗೊಮ್ಮೆ ನೆಲ ನಡುಗುತ್ತಿತ್ತು. ನಾನು ಹೋಗಿ ಕೂತಿದ್ದೆ, ಕಲ್ಲು ಇನ್ನೂ ತೆಗೆದಿರಲಿಲ್ಲ, ಮಿಸ್ ಒಳಗೆ ಟೀ ಕಾಯಿಸುತ್ತಿದ್ದರು. ನೆಲ ಒಮ್ಮೆ ಗುಡುಗಿತು. ಕಿಟಕಿಯ ಗಾಜು ನಡುಗಿ ನಿಂತಿತು. ಆಮೇಲೆ... ಯಾರೂ ಮುಟ್ಟದ ಪಿಯಾನೋ ಒಳಗಿನಿಂದ ನುಡಿಯಿತು. ಒಂದು ಸ್ವರವಲ್ಲ, ಎಲ್ಲ ತಂತಿಗಳೂ ಒಟ್ಟಿಗೆ, ದೂರದಲ್ಲಿ ತುಂಬ ಜನ ಬಾಯಿಮುಚ್ಚಿ ನರಳಿದ ಹಾಗೆ. ಮಿಸ್ ಗೋಡೆ ಹಿಡಿದುಕೊಂಡು ಬಂದರು. ಪಿಯಾನೋದ ಮರದ ಮೇಲೆ ಅಂಗೈ ಒತ್ತಿ, “ಇರುಕ್ಕೇನ್... ಇಂಗೇದಾನ್ ಇರುಕ್ಕೇನ್,” ಎಂದರು. ಇದ್ದೀನಿ, ಇಲ್ಲೇ ಇದ್ದೀನಿ. ನಾದ ಪೂರ್ತಿ ಅಡಗುವವರೆಗೂ ಕೈ ತೆಗೆಯಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಬೇತಮಂಗಲದ ಕಡೆಯವರಾದ ಅಮ್ಮ ಕೈಲಿದ್ದ ಸೊಪ್ಪು ಕೆಳಗಿಟ್ಟು, “ಸತ್ತೋರ ಜೊತೆ ಮಾತಾಡೋ ಮನೇಗೆ ನೀನು ಓಗೋದು ಬ್ಯಾಡ ಕಣೇ,” ಎಂದರು. ಅಪ್ಪ ನಕ್ಕು ಅಮ್ಮನನ್ನು ಸುಮ್ಮನಾಗಿಸಿದರು. ನನಗೆ ಪಾಠ ಬಿಡಲು ಮನಸ್ಸಿರಲಿಲ್ಲ, ಆ ಸದ್ದನ್ನು ಇನ್ನೊಮ್ಮೆ ಕೇಳುವ ಧೈರ್ಯವೂ ಇರಲಿಲ್ಲ. ಮುಂದಿನ ಪಾಠದ ದಿನ ಹೊರಡುವಾಗ ಕಲ್ಲನ್ನು ಬಲಗಡೆಯದರ ಬದಲು ಮಧ್ಯದ ಪೆಡಲಿನ ಮೇಲೆ ಇಟ್ಟೆ. ಪೊರೆ ಬಂದ ಕಣ್ಣಿಗೆ ಕಪ್ಪು ಕಲ್ಲು ಎಂದಿನ ಹಾಗೇ ಕಾಣುತ್ತದೆ, ತಂತಿಗಳು ಮಾತ್ರ ಬಟ್ಟೆಯ ಹಿಡಿತದಲ್ಲಿ ಸುಮ್ಮನಿರುತ್ತವೆ. ಹಾಗೆ ಲೆಕ್ಕ ಹಾಕಿದ್ದೆ. ಅವತ್ತಿನಿಂದ ಪ್ರತಿ ಸಲವೂ ಹಾಗೇ ಮಾಡಿದೆ.

ಎರಡು ವಾರದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನೆಲ ಮತ್ತೆ ನಡುಗಿತು. ಈ ಸಲ ಜೋರಾಗಿಯೇ. ನಮ್ಮ ಅಡುಗೆಮನೆಯಲ್ಲಿ ಲೋಟಗಳು ಬಿದ್ದವು. ಅನ್ನ ಕಲಸುತ್ತಿದ್ದ ನನ್ನ ಕೈ ತಟ್ಟೆಯಲ್ಲೇ ನಿಂತಿತು.

ಮರುದಿನ ಹೋದಾಗ ಮಿಸ್ ಪಿಯಾನೋ ಮುಂದಿನ ಸ್ಟೂಲಿನ ಮೇಲೆ ಕೂತಿದ್ದರು.

“ಕಲ್ಲು ಇಟ್ಟಿದ್ದೆ ತಾನೆ, ಕಣ್ಣು?”

“ಇಟ್ಟಿದ್ದೆ, ಮಿಸ್.”

ಅವರು ಪಿಯಾನೋದ ಮರದ ಮೇಲೆ ಅಂಗೈ ಇಟ್ಟರು. ಆಮೇಲೆ, “ನಿನ್ನೆ ತಂತಿಗಳು ಏನೂ ಹೇಳ್ಲಿಲ್ಲ. ಹಾಗಾದ್ರೆ ಅವರು ಹೋದ್ರು,” ಎಂದರು. ಅಳಲಿಲ್ಲ. ಕಲ್ಲನ್ನು ಎತ್ತಿ ಹಿತ್ತಲಲ್ಲಿ ಇಟ್ಟು ಬರಲು ಹೇಳಿದರು. ಅವತ್ತು ಪಾಠ ಮಾಡಲಿಲ್ಲ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಕೆಜಿಎಫ್‌ನಲ್ಲೇ ಇರುವ ಚಾಂಪಿಯನ್ ರೀಫ್ಸ್‌ನ ಸ್ಮಶಾನದಲ್ಲಿ ಗಂಡನ ಹೆಸರಿನ ಒಂದು ಕಲ್ಲು ನೆಡಿಸಿದರು, ಕೆಳಗೆ ಮಲಗಿಸಲು ಏನೂ ಇಲ್ಲದಿದ್ದರೂ. ಪಿಯಾನೋವನ್ನು ಚರ್ಚಿಗೆ ಕೊಟ್ಟರು. ತಮಿಳುನಾಡಿನಲ್ಲಿದ್ದ ತಂಗಿ ವರ್ಷಗಳಿಂದ ಕರೆಯುತ್ತಿದ್ದರಂತೆ. ಗಂಡನನ್ನು ಇಲ್ಲಿ ಬಿಟ್ಟು ಹೇಗೆ ಬರಲಿ ಎಂದು ಮಿಸ್ ಒಪ್ಪಿರಲಿಲ್ಲ. ಈಗ ಒಪ್ಪಿದರು.

ಬಂಗಾರಪೇಟೆ ಸ್ಟೇಷನ್ನಿಗೆ ಅಪ್ಪನೂ ನಾನೂ ಬಿಡಲು ಹೋಗಿದ್ದೆವು. ಅಪ್ಪ ನೀರಿನ ಬಾಟಲಿ ತರಲು ಹೋದರು. ಹೇಳಿಬಿಡಬೇಕು ಎಂದು ನಾನು ಕಿಟಕಿಯ ಸರಳು ಹಿಡಿದು ನಿಂತೆ. ಹೇಳುವ ಮುಂಚೆಯೇ ಕಣ್ಣಲ್ಲಿ ನೀರು ಬಂತು. ಮಿಸ್ ನನ್ನ ಬೆರಳುಗಳ ಮೇಲೆ ಕೈ ಇಟ್ಟರು.

“ಮಧ್ಯದ ಪೆಡಲ್ ಇಳಿದ್ರೆ ಒಳಗೆ ಟಕ್ ಅಂತ ಸದ್ದಾಗುತ್ತೆ, ಕಣ್ಣು. ಅವರು ಮಲಗಿದಾಗೆಲ್ಲ ನಾನು ಕೇಳಿದ ಸದ್ದು ಅದು. ನನಗೆ ಗೊತ್ತಾಗಲ್ವಾ? ನೀನು ಇಟ್ಟ ಮೊದಲನೇ ದಿನವೇ ಗೊತ್ತಾಯ್ತು. ಕಾಲಲ್ಲಿ ತಳ್ಳಿ ಸರಿ ಮಾಡ್ಬೋದಿತ್ತು. ಮಾಡ್ಲಿಲ್ಲ... ಮಲಗ್ಲಿ ಅಂತ ನಾನೂ ಸುಮ್ನಿದ್ದೆ.”

ರೈಲು ಹೊರಟಿತು. ನನ್ನನ್ನು ಹಗುರ ಮಾಡಲೆಂದೇ ಅವರು ಅದನ್ನು ಹೇಳಿದ್ದು. ಆದರೆ ಆ ಮಾತು ನನ್ನನ್ನು ಇಷ್ಟು ವರ್ಷ ಬಿಟ್ಟಿಲ್ಲ. ಆ ಭಾನುವಾರ ನೆಲ ಅಷ್ಟು ಜೋರಾಗಿ ನಡುಗಿದ್ದಕ್ಕೆ ಕಾರಣ ಬರಿಯ ನೀರೂ ಬಂಡೆಯೂ ಎಂದು ನನಗೆ ಈಗ ಗೊತ್ತಿದೆ. ಆದರೂ, ಕೆಳಗಿನಿಂದ ಯಾರೋ ಕರೆದರು, ಮೇಲೆ ನಾವಿಬ್ಬರೂ ಸೇರಿ ಕಿವಿ ಮುಚ್ಚಿಕೊಂಡೆವು ಎಂದೇ ಒಳಗೊಳಗೆ ಅನಿಸುತ್ತದೆ. ಇಬ್ಬರಲ್ಲಿ ಒಬ್ಬರು ಈಗಿಲ್ಲ. ತಂಗಿಯ ಮನೆಯಲ್ಲೇ ಮಿಸ್ ತೀರಿಕೊಂಡರಂತೆ, ಅಲ್ಲೇ ಮಣ್ಣು ಮಾಡಿದರಂತೆ. ಆ ಸುದ್ದಿ ನನಗೆ ತಲುಪಿದ್ದು ಎಷ್ಟೋ ಕಾಲದ ಮೇಲೆ, ಯಾರದೋ ಮಾತಿನ ನಡುವೆ.

ಪೆಡಲುಗಳನ್ನು ಕೂರಿಸಿ ಆಯಿತು. ಇದರ ಮಧ್ಯದ್ದು ಮಾಡುವ ಕೆಲಸವೇ ಬೇರೆ: ಒತ್ತುವ ಹೊತ್ತಿಗೆ ಬೆರಳಡಿ ಇದ್ದ ಸ್ವರಗಳನ್ನು ಮಾತ್ರ ಹಿಡಿದಿಟ್ಟುಕೊಂಡು, ಉಳಿದವನ್ನೆಲ್ಲ ಹೋಗಲು ಬಿಡುತ್ತದೆ. ಮಕ್ಕಳಿಗೆ ಅದನ್ನು ಹೇಳಿಕೊಟ್ಟೆ.

ಕಳೆದ ಭಾನುವಾರ ಬಸ್ಸು ಹತ್ತಿ ಚಾಂಪಿಯನ್ ರೀಫ್ಸ್‌ಗೆ ಹೋದೆ. ಹುಲ್ಲು ಸರಿಸಿ ಹುಡುಕಿದಾಗ ಆ ಸಮಾಧಿ ಕಲ್ಲು ಸಿಕ್ಕಿತು. ಮೇಲಿನ ಅರ್ಧದಲ್ಲಿ ಗಂಡನ ಹೆಸರು. ಕೆಳಗಿನ ಅರ್ಧವನ್ನು ಮಿಸ್ ತಮಗಾಗಿ ಖಾಲಿ ಬಿಡಿಸಿದ್ದರು. ಅದು ಖಾಲಿಯಾಗಿಯೇ ಇತ್ತು. ಅಲ್ಲಿ ಅವರ ಹೆಸರು ಬರೆಸಬಹುದೇ ಎಂದು ಕಾವಲಿನ ಮುದುಕನನ್ನು ಕೇಳಿದೆ.

“ಕೆತ್ತೋನು ಅವ್ನೆ, ಕರೆಸ್ತೀನಿ. ಎಸರು ಏಳಮ್ಮ, ತೀರ್ಕಂಡ ತಾರೀಕೂ ಬೇಕು,” ಎಂದ.

ಹೆಸರು ಹೇಳಿದೆ. ತಾರೀಕು ನನಗೆ ಗೊತ್ತಿರಲಿಲ್ಲ.