ಎರಡು ವಯಸ್ಸಿನ ಕಲ್ಲು

ಕೆಲವು ವಿವರ ತಪ್ಪಿರಬಹುದು; ಆದರೆ ಮೇಡಂ ನಾಲಿಗೆಯ ತುದಿಗಂಟಿದ ಕಪ್ಪು ಪುಡಿ ನಾನು ಕಲ್ಪಿಸಿಕೊಂಡದ್ದಲ್ಲ. ಬಂಗಾರಪೇಟೆಯ ಕಾಲೇಜಿನಲ್ಲಿ ನಮಗೆ ಭೂವಿಜ್ಞಾನ ಕಲಿಸುತ್ತಿದ್ದ ಮೇಡಂ ಕಲ್ಲು ಒಡೆದ ಕೂಡಲೇ ನೆಕ್ಕುತ್ತಿದ್ದರು. ಒದ್ದೆಯಾದರೆ ಹರಳುಗಳು ಎದ್ದು ಕಾಣುತ್ತವಂತೆ. ಮೇಡಂಗೆ ಪಾನಿಪೂರಿಗಿಂತ ಜಲ್ಲಿಯೇ ರುಚಿ ಎಂದು ನಾವು ಹಿಂದಿನ ಬೆಂಚಿನಲ್ಲಿ ನಗುತ್ತಿದ್ದೆವು. ಅದು ಅವರ ಕಿವಿಗೆ ಬಿದ್ದಿತ್ತು. "ಖಾರ ಸ್ವಲ್ಪ ಕಮ್ಮಿ, ಅಷ್ಟೇ" ಎಂದರು ಒಮ್ಮೆ.

ಕೆಜಿಎಫ್‌ನ ಕಪ್ಪು ಕಲ್ಲಿಗೆ ಎರಡು ವಯಸ್ಸು ಎನ್ನುವುದು ಅವರ ಮಾತು. ಲಾವಾ ಹರಿದು ಗಟ್ಟಿಯಾದದ್ದು ಒಂದು. ಆಮೇಲೆ, ಈಗ ಸವೆದೇಹೋಗಿರುವ ಬೆಟ್ಟಗಳ ಬುಡದಲ್ಲಿ ಹೂತು, ಬೆಂದು, ಹಿಂಡಿಸಿಕೊಂಡು ಬೇರೆಯೇ ಕಲ್ಲಾದದ್ದು ಇನ್ನೊಂದು. ಎರಡೂ ಇನ್ನೂರು ಕೋಟಿ ವರ್ಷಗಳಿಗಿಂತ ಹಿಂದಿನವು. "ವಯಸ್ಸು ಕೇಳೋಕೆ ಮುಂಚೆ, ಯಾವ ವಯಸ್ಸು ಅಂತ ತೀರ್ಮಾನ ಮಾಡ್ಕೊಳಮ್ಮ" ಎನ್ನುತ್ತಿದ್ದರು. ಮೇಲಿನ ಕಲ್ಲು ಅವರಿಗೆ ಬೇಡ. ಬಿಸಿಲು ಮಳೆಗೆ ಸಿಕ್ಕಿದ್ದು ಲೆಕ್ಕ ತಪ್ಪಿಸುತ್ತದೆ.

ಒಳಗಿನ ಕಲ್ಲಿಗಾಗಿಯೇ ಅವರನ್ನು ಕೆಜಿಎಫ್‌ನ ಮುಚ್ಚಿಹೋದ ಚಿನ್ನದ ಗಣಿ ಚಾಂಪಿಯನ್ ರೀಫ್ಸ್‌ಗೆ ಕರೆದೊಯ್ದೆ. ಗಣಿಯಲ್ಲಿ ದುಡಿದಿದ್ದ ನನ್ನ ದೊಡ್ಡಪ್ಪ ದಾರಿ ತೋರಿಸಲು ಬಂದರು. ಗಣಿಗಿಳಿಯುವ ಹಳೇ ಶಾಫ್ಟಿನ ಬಾವಿ ಪಕ್ಕ ನೆಲ ಕುಸಿದು ಗುಂಡಿಯಾಗಿತ್ತು. ಅದರ ಗೋಡೆಯಲ್ಲಿ ಹೊಸದಾಗಿ ಒಡೆದ ಬಂಡೆ. "ಅಂಚಿಗ್ ಓಗ್ಬ್ಯಾಡಿ ಮೇಡಮ್ಮ. ಕೆಳಗೆಲ್ಲಾ ನೀರು ತುಂಬ್ಕಂಡೈತೆ, ನೆಲ ನಂಬಂಗಿಲ್ಲ" ಎಂದರು ದೊಡ್ಡಪ್ಪ. ಮೇಡಂ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೋರಲು ಮಲಗಿ, ಸುತ್ತಿಗೆ ಹಿಡಿದ ತೋಳನ್ನು ಗುಂಡಿಗೆ ಇಳಿಬಿಟ್ಟಿದ್ದರು.

ಆಗ ಕೆಳಗೆ ಗುಡುಗಿತು. ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯಿತು. ದೊಡ್ಡಪ್ಪ ನನ್ನ ಮಣಿಕಟ್ಟು ಹಿಡಿದು ಓಡಿದರು. ಹಿಂದೆ ಮಣ್ಣು ಜಾರುವ ಸದ್ದು, ಅದರೊಳಗೊಂದು ಕೂಗು. ದೊಡ್ಡಪ್ಪ ನಿಲ್ಲಲಿಲ್ಲ.

ನಾವು ರಸ್ತೆಯಲ್ಲಿ ಏದುಸಿರು ಬಿಡುತ್ತಿರುವಾಗ ಮೇಡಂ ಒಬ್ಬರೇ ನಡೆದು ಬಂದರು. ಸೀರೆಯೆಲ್ಲ ಮಣ್ಣು, ಮೊಣಕೈಯಲ್ಲಿ ರಕ್ತ, ಮುಷ್ಟಿಯಲ್ಲಿ ಕಲ್ಲು. "ಸಿಕ್ತು" ಎಂದಷ್ಟೇ ಹೇಳಿದರು. ಅವತ್ತು ಮಾತ್ರ ಅದನ್ನು ನೆಕ್ಕಲಿಲ್ಲ.

ಆಮೇಲೆ ನನಗೆ ಎಂದಿನಂತೆಯೇ ಪಾಠ ಹೇಳಿದರು. ಆ ದಿನದ ಮಾತು ಎತ್ತಲೇ ಇಲ್ಲ. ಕಳೆದ ವರ್ಷ ಕಾಯಿಲೆಯಿಂದ ತೀರಿಕೊಂಡರು. ಅವತ್ತು ಗುಂಡಿಯ ಅಂಚಿನಿಂದ ಅವರು ಕೂಗಿದ್ದು "ಓಡಿ" ಎಂದೋ, "ಕೈ ಕೊಡಿ" ಎಂದೋ? ನೆನಪು ಒಂದೊಂದು ಸಲ ಒಂದೊಂದನ್ನು ಕೇಳಿಸುತ್ತದೆ. ಎರಡನೆಯದು ಕೇಳಿದಾಗ ನನ್ನ ಅಂಗಾಲು ಈಗಲೂ ತಣ್ಣಗಾಗುತ್ತದೆ.

ದೊಡ್ಡಪ್ಪನ ಕಿವಿ ಇನ್ನೂ ಚುರುಕು. ಮೇಡಂ ಅವರ ಮಣ್ಣಿಗೆ ಹೋಗಿ ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು.

"ದೊಡ್ಡಪ್ಪಾ, ಅವತ್ತು ಮೇಡಂ ಏನಂತ ಕೂಗಿದ್ರು?"